ಚಿಕ್ಕಬಳ್ಳಾಪುರದ ಮಕ್ಕಳ ಕುದುರೆ ಸವಾರಿ ಕ್ಲಬ್: 27 ತಿಂಗಳು ಕಂಡ ಮೇಲೆ

ಚಿಕ್ಕಬಳ್ಳಾಪುರದಿಂದ ನಂದಿ ಕಡೆಗೆ ಹೋಗುವಾಗ ದ್ರಾಕ್ಷಿ ತೋಟಗಳ ನಡುವೆ ಸಿಗುವ ಕ್ಲಬ್ ಇದು. 8ರಿಂದ 16 ವರ್ಷದ ಮಕ್ಕಳಿಗೆ ಶನಿವಾರ, ಭಾನುವಾರ ಬೆಳಿಗ್ಗೆ 45 ನಿಮಿಷದ ತರಗತಿ. ಕುದುರೆಗಳು ಆರು: ರೇಸ್ ಬಿಟ್ಟು ಬಂದ ಎರಡು ಥರೋಬ್ರೆಡ್ ತಳಿಯವು, ಕಾಠಿಯಾವಾಡಿ ಮಿಶ್ರ ತಳಿಯ ಮೂರು, ಒಂದು ತಟ್ಟು (ಗಿಡ್ಡ ಕುದುರೆ). ಮನೆಯ ಇಬ್ಬರು ಮಕ್ಕಳು 27 ತಿಂಗಳಿಂದ ಹೋಗುತ್ತಿದ್ದಾರೆ. ಕೊರತೆಗಳನ್ನೂ ಬಿಚ್ಚಿ ಬರೆಯುವುದರಿಂದ ಕ್ಲಬ್ಬಿನ ಹೆಸರು ಹಾಕಿಲ್ಲ. ಮಕ್ಕಳನ್ನು ಯಾವ ಕ್ಲಬ್ಬಿಗೆ ಸೇರಿಸುವವರಿಗೂ ಇಲ್ಲಿರುವ ವಿವರಗಳು ಉಪಯೋಗಕ್ಕೆ ಬರುತ್ತವೆ.

ಈ ಜಾಗಕ್ಕೆ ದುಡ್ಡು ಕೊಡಲು ಒಂದೇ ಕಾರಣ ಸಾಕು. ಆರು ಕುದುರೆಗಳೊಂದಿಗೂ ಅಲ್ಲಿರುವ ಎಲ್ಲರೂ, ಕುದುರೆ ನೋಡಿಕೊಳ್ಳುವ ಸೈಸ್‌ನಿಂದ ಹಿಡಿದು ಎಂಟು ವರ್ಷದ ಮಗುವಿನವರೆಗೆ, ಒಂದೇ ರೀತಿ ನಡೆದುಕೊಳ್ಳುತ್ತಾರೆ. ಲಾಯದ ಗೋಡೆಯ ಕಪ್ಪು ಹಲಗೆಯ ಮೇಲೆ ನಾಲ್ಕೇ ಸನ್ನೆ ಬರೆದಿದೆ: ಹೊರಡಲು ‘ನಡಿ’, ನಡಿಗೆಗಿಂತ ವೇಗದ ಟ್ರಾಟ್‌ಗೆ ಎರಡು ಸಲ ನಾಲಿಗೆ ಲೊಚಗುಟ್ಟುವುದು, ವೇಗ ಇಳಿಸಲು ಎಳೆದು ಹೇಳುವ ‘ನಿಧಾ...ನ’, ನಿಲ್ಲಲು ‘ಹೋ’. ನಮ್ಮ ಸೀಮೆಯಲ್ಲಿ ಇದಕ್ಕೆ ಬೆಲೆ ಹೆಚ್ಚು. ಅರ್ಧ ಮನೆಗಳಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಇಂಗ್ಲಿಷು, ಸೈಸ್‌ಗಳ ಬಾಯಲ್ಲಿ ಹಿಂದಿ. ಒಂದೇ ಕುದುರೆಗೆ ಒಬ್ಬರು ‘ನಿಲ್ಲು’, ಇನ್ನೊಬ್ಬರು ‘ಆಗು’, ಮತ್ತೊಬ್ಬರು ‘ರುಕ್’ ಎಂದರೆ ಅದು ಯಾವುದನ್ನು ಹಿಡಿಯಬೇಕು? ಕುದುರೆಗೆ ಮಾತಿನ ಅರ್ಥ ತಿಳಿಯದು. ಯಾವ ಸದ್ದಾದ ಮೇಲೆ ಏನಾಗುತ್ತದೆ ಎಂಬುದನ್ನಷ್ಟೇ ಅದು ನೆನಪಿಡುತ್ತದೆ.

ಕಾಲಿನ ಸನ್ನೆಗೂ ಇದೇ ಶಿಸ್ತು. ಮೊದಲು ಮೀನಖಂಡದಿಂದ ಹಗುರ ಒತ್ತು. ಎರಡು ಸೆಕೆಂಡು ಕಾದರೂ ಹೊರಡದಿದ್ದರೆ ಸ್ವಲ್ಪ ಗಟ್ಟಿ ಒತ್ತು. ಆಗಲೂ ಹೊರಡದಿದ್ದರೆ ತನ್ನ ಕಾಲಿನ ಹಿಂದೆ ಕೋಲಿನಿಂದ ಒಂದು ತಟ್ಟು, ಹೊಡೆತ ಕೂಡದು. ಕುದುರೆ ಒಂದು ಹೆಜ್ಜೆ ಎತ್ತಿದ ಕ್ಷಣವೇ ಎಲ್ಲವೂ ನಿಲ್ಲಬೇಕು. ಕಲಿಕೆ ನಡೆಯುವುದು ಆ ಬಿಡುವಿನಲ್ಲಿ. ಒತ್ತಿದ್ದಕ್ಕೆ ಕುದುರೆ ಕಲಿಯುವುದಿಲ್ಲ, ತಾನು ಮಾಡಿದ ಕೆಲಸದಿಂದ ಒತ್ತು ಹೋಯಿತು ಎಂದು ಗೊತ್ತಾದಾಗ ಕಲಿಯುತ್ತದೆ. ಹೊಸ ಮಕ್ಕಳು ಕುದುರೆ ಹೊರಟ ಮೇಲೂ ಹಿಮ್ಮಡಿಯಿಂದ ಗುದ್ದುತ್ತಲೇ ಇರುತ್ತಾರೆ. ಹೊರಟರೂ ಗುದ್ದು, ನಿಂತರೂ ಗುದ್ದು ಎಂದಾದರೆ ಅದು ಕಾಲನ್ನು ಲೆಕ್ಕಕ್ಕೆ ಇಡುವುದನ್ನೇ ಬಿಡುತ್ತದೆ. ಮೊಂಡು ಎಂಬ ಹೆಸರು ಹೊತ್ತ ಕುದುರೆಗಳಲ್ಲಿ ಬಹುಪಾಲು ಹೀಗೆ ತಯಾರಾದವು. ಇಲ್ಲಿ ಬೈಗುಳ ಬೀಳುವುದು ಕುದುರೆಗಲ್ಲ. ತರಬೇತುದಾರರು ಮಗುವಿಗೆ ‘ಬಿಡು, ಬಿಡು’ ಎಂದು ಕೂಗುತ್ತಾರೆ.

ಮೊದಲ ನಾಲ್ಕು ವಾರ ಸವಾರಿಯೇ ಇಲ್ಲ. ದುಡ್ಡು ಕಟ್ಟಿದ ಎಷ್ಟೋ ಪೋಷಕರು ಇಲ್ಲಿ ಮುನಿಸಿಕೊಂಡು ಬಿಟ್ಟು ಹೋಗುತ್ತಾರೆ. ಹೋಗಬೇಡಿ. ಕುದುರೆಗೆ ಸುಮಾರು 350 ಡಿಗ್ರಿ ಸುತ್ತ ಕಾಣುತ್ತದೆ. ಹಣೆಯ ನೇರ ಮುಂದೆ ಮತ್ತು ಬಾಲದ ನೇರ ಹಿಂದೆ ಮಾತ್ರ ಕುರುಡು. ಹಾಗಾಗಿ ಮಾತಾಡಿಸುತ್ತಾ ಭುಜದ ಕಡೆಯಿಂದ ಹೋಗುವುದು ಮೊದಲ ಪಾಠ. ಆಮೇಲೆ ಹಾಲ್ಟರ್ (ಕುದುರೆಯ ತಲೆಗೆ ತೊಡಿಸುವ ಪಟ್ಟಿ) ಹಾಕುವುದು, ಹಗ್ಗವನ್ನು ಕೈಗೆ ಸುತ್ತಿಕೊಳ್ಳದೆ ಮಡಚಿ ಹಿಡಿಯುವುದು (ಸುತ್ತಿಕೊಂಡರೆ ಬೆಚ್ಚಿದ ಕುದುರೆ ಬೆರಳು ಮುರಿಯಬಲ್ಲದು), ಗೊರಸನ್ನು ಹಿಮ್ಮಡಿಯಿಂದ ತುದಿಯ ಕಡೆಗೆ ಕೆರೆದು ಕಲ್ಲು ತೆಗೆಯುವುದು. ನಂದಿ ತಪ್ಪಲಿನ ಗರಸು ಮಣ್ಣಿನಲ್ಲಿ ಇದನ್ನು ಒಂದು ದಿನವೂ ಬಿಡುವಂತಿಲ್ಲ. ಜೀನಿನ ಪಟ್ಟಿಯನ್ನು ಒಂದೇ ಎಳೆತಕ್ಕೆ ಬಿಗಿಯುವುದಿಲ್ಲ: ಮೊದಲು ಜಾರದಷ್ಟು, ಕುದುರೆ ಐದು ನಿಮಿಷ ನಡೆದ ಮೇಲೆ ಒಂದು ತೂತು, ಹತ್ತುವ ಮುನ್ನ ಮತ್ತೊಂದು. ಒಮ್ಮೆಗೇ ಬಿಗಿದ ಕುದುರೆ ಮುಂದಿನ ವಾರ ಜೀನು ಕಂಡೊಡನೆ ಹೊಟ್ಟೆ ಉಬ್ಬಿಸಿ, ಕಿವಿ ಹಿಂದಕ್ಕೆ ಮಡಚುತ್ತದೆ.

ಹತ್ತಿದ ಮೇಲೂ ಎಂಟು ತರಗತಿ ಲಗಾಮು ಕೈಗೆ ಕೊಡುವುದಿಲ್ಲ. ತರಬೇತುದಾರರು ನಡುವೆ ನಿಂತು ಏಳೆಂಟು ಮೀಟರ್ ಉದ್ದದ ಲಂಜ್ ಹಗ್ಗದಲ್ಲಿ ಕುದುರೆಯನ್ನು ಸುತ್ತು ಹಾಕಿಸುತ್ತಾರೆ. ಮಗು ಕೈ ಚಾಚಿ ಕುಳಿತು ಸಮತೋಲ ಕಲಿಯುತ್ತದೆ. ಸಮತೋಲ ತಪ್ಪಿದವರು ಕೈಗೆ ಸಿಕ್ಕಿದ್ದನ್ನು ಹಿಡಿದು ಜೋತು ಬೀಳುತ್ತಾರೆ. ಸಿಕ್ಕಿದ್ದು ಲಗಾಮಾದರೆ ಆ ತೂಕವೆಲ್ಲ ಹಲ್ಲಿಲ್ಲದ ವಸಡಿನ ಮೇಲೆ ಕೂತ ಕಡಿವಾಣಕ್ಕೆ ಬೀಳುತ್ತದೆ. ಕತ್ತಿನ ಸುತ್ತ ಒಂದು ಹಳೆಯ ರಿಕಾಪಿನ (ಸವಾರ ಪಾದ ಇಡುವ ಬಳೆಯ) ಪಟ್ಟಿ ಕಟ್ಟಿಡುತ್ತಾರೆ, ಜೋಲಿ ಹೊಡೆದರೆ ಅದನ್ನು ಹಿಡಿಯಬೇಕು. ಇಷ್ಟು ಸರಳ ಉಪಾಯ ಎಲ್ಲ ಕ್ಲಬ್ಬುಗಳಲ್ಲೂ ಇರಬೇಕಿತ್ತು. ಟ್ರಾಟ್ ಎರಡು ತಾಳದ ನಡೆ, ಅದರಲ್ಲಿ ಏಳುತ್ತಾ ಕೂರುತ್ತಾ ಹೋಗಬೇಕು: ಸುತ್ತಿನ ಹೊರಬದಿಯ ಭುಜ ಮುಂದೆ ಹೋದಾಗ ಏಳುವುದು, ಹಿಂದೆ ಬಂದಾಗ ಕೂರುವುದು. ಇದು ಸರಾಗವಾಗಲು ಹೆಚ್ಚಿನ ಮಕ್ಕಳಿಗೆ ಎರಡರಿಂದ ಮೂರು ತಿಂಗಳು ಹಿಡಿಯಿತು. ಆಗದವರಲ್ಲಿ ಕಾಣುವ ತಪ್ಪು ಒಂದೇ, ಮಂಡಿಯಿಂದ ಜೀನನ್ನು ಹಿಡಿದುಕೊಳ್ಳುವುದು. ಮಂಡಿ ಬಿಗಿದರೆ ಹಿಮ್ಮಡಿ ಮೇಲೇರಿ ಮೈ ಮುಂದಕ್ಕೆ ಮುಗ್ಗರಿಸುತ್ತದೆ.

ರೇಸ್ ಬಿಟ್ಟು ಬಂದ ಕುದುರೆಗಳ ಬಗ್ಗೆ ಪೋಷಕರು ಪ್ರತ್ಯೇಕವಾಗಿ ತಿಳಿದಿರಬೇಕು. ಕುಣಿಗಲ್‌ನಲ್ಲಿ ಟಿಪ್ಪು ಕಾಲದ ನಂಟಿರುವ ಕುದುರೆ ಫಾರಂ, ಬೆಂಗಳೂರಿನಲ್ಲಿ ರೇಸ್ ಕೋರ್ಸ್ ಇರುವ ನಾಡು ನಮ್ಮದು. ಓಟ ಮುಗಿಸಿದ ಥರೋಬ್ರೆಡ್‌ಗಳು ಸವಾರಿ ಕ್ಲಬ್ಬುಗಳಿಗೆ ಬರುವುದು ಮಾಮೂಲು. ಇವುಗಳಿಗೆ ಲಗಾಮು ಬಿಗಿಯಾದರೆ ಅದಕ್ಕೆ ಒರಗಿ ಇನ್ನೂ ಜೋರಾಗಿ ಓಡುವುದು ರೂಢಿಯಾಗಿರುತ್ತದೆ. ಹೆದರಿದ ಮಗು ಎರಡೂ ಲಗಾಮು ಎಳೆದಷ್ಟೂ ವೇಗ ಏರುತ್ತದೆ. ಇಲ್ಲಿ ಕಲಿಸುವ ಕ್ರಮ: ಉಸಿರು ಬಿಟ್ಟು ಭಾರವಾಗಿ ಕೂರು, ಒಂದೇ ಲಗಾಮಿನಿಂದ ದೊಡ್ಡ ಸುತ್ತಿಗೆ ತಿರುಗಿಸು, ಸುತ್ತನ್ನು ಮೆಲ್ಲಗೆ ಕಿರಿದು ಮಾಡು, ನಿಧಾನವಾದೊಡನೆ ಬಿಡು. ಇದನ್ನು ನಡಿಗೆಯಲ್ಲಿ ಐವತ್ತು ಸಲ ಮಾಡಿಸಿದ ಮೇಲೆಯೇ ಟ್ರಾಟ್‌ನಲ್ಲಿ ಮಾಡಿಸುತ್ತಾರೆ. ಆರು ತಿಂಗಳಾಗದ ಮಕ್ಕಳಿಗೆ ಆ ಎರಡು ಕುದುರೆ ಕೊಡುವುದೇ ಇಲ್ಲ.

ಮೆಚ್ಚುಗೆ ತೋರಿಸುವುದರಲ್ಲೂ ಕ್ರಮವಿದೆ. ಕತ್ತಿಗೆ ಪಟಪಟನೆ ಬಡಿಯುವಂತಿಲ್ಲ. ಜೂಲು ಮುಗಿಯುವಲ್ಲಿ, ಭುಜದ ಉಬ್ಬಿನ ಮೇಲೆ ಬೆರಳಿನಿಂದ ಕೆರೆಯಬೇಕು. ಕುದುರೆಗಳು ಪರಸ್ಪರ ಹಲ್ಲಿನಿಂದ ಕೆರೆದುಕೊಳ್ಳುವುದು ಅದೇ ಜಾಗದಲ್ಲಿ. ಅಲ್ಲಿ ಕೆರೆದರೆ ಹೃದಯದ ಬಡಿತವೂ ಇಳಿಯುತ್ತದೆ. ಕ್ಯಾರೆಟ್ಟು, ಬೆಲ್ಲ ಕೈಯಿಂದ ತಿನ್ನಿಸುವಂತಿಲ್ಲ, ಬಕೆಟ್ಟಿಗೆ ಹಾಕಬೇಕು. ಕೈಯಲ್ಲಿ ತಿಂಡಿ ಹುಡುಕುವ ಕುದುರೆ ಮೊದಲು ಜೇಬು ಮೂಸುತ್ತದೆ, ಆಮೇಲೆ ಕಚ್ಚುತ್ತದೆ.

ಮೇವನ್ನು ವಿಚಾರಿಸದೆ ಯಾವ ಕ್ಲಬ್ಬಿಗೂ ಸೇರಿಸಬೇಡಿ, ಹಸಿದ ಅಥವಾ ಹೊಟ್ಟೆನೋವಿನ ಕುದುರೆ ಮಗುವಿಗೆ ಅಪಾಯ. ಸುಮಾರು 360 ಕಿಲೋ ತೂಗುವ ಕುದುರೆಗೆ ದಿನಕ್ಕೆ ತೂಕದ ಶೇ 1.5ರಿಂದ 2ರಷ್ಟು, ಎಂದರೆ ಐದೂವರೆಯಿಂದ ಏಳು ಕಿಲೋ ಒಣ ಮೇವು ಬೇಕು. ಅದನ್ನೂ ನಾಲ್ಕೈದು ಸಲ ಹಂಚಿ ಹಾಕಬೇಕು. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಮೇವು ತಪ್ಪಿದರೆ ಕೋಲಿಕ್ ಎಂಬ ಹೊಟ್ಟೆನೋವು ಜೀವಕ್ಕೇ ಬರುತ್ತದೆ. ಇಲ್ಲಿ ರಾಗಿ ಹುಲ್ಲು, ನೇಪಿಯರ್ ಹುಲ್ಲು, ಕುದುರೆ ಮಸಾಲೆ (ಲೂಸರ್ನ್) ಸೊಪ್ಪು, ಜೊತೆಗೆ ಬೇಯಿಸಿ ಆರಿಸಿದ ಹುರುಳಿ ಹಾಕುತ್ತಾರೆ. ಮೊದಲ ವರ್ಷ ಕುದುರೆ ಮಸಾಲೆ ಇರಲಿಲ್ಲ, ನೇಪಿಯರ್ ಮತ್ತು ಗೋಧಿ ಬೂಸಾದ್ದೇ ಪಾರುಪತ್ಯ. ನೇಪಿಯರ್‌ನಲ್ಲಿರುವ ಆಕ್ಸಲೇಟ್ ಸುಣ್ಣದಂಶವನ್ನು ಮೈಗೆ ಹತ್ತಗೊಡುವುದಿಲ್ಲ, ಬೂಸಾದಲ್ಲಿ ರಂಜಕ ಹೆಚ್ಚು. ಎರಡೂ ಸೇರಿದರೆ ಮೂಳೆ ಸವೆದು ಕುದುರೆ ಕುಂಟುತ್ತದೆ, ಮುಖದ ಮೂಳೆ ಊದುತ್ತದೆ. ಪಶುವೈದ್ಯರು ಹೇಳಿದ ಮೇಲೆ ಬದಲಾಯಿಸಿದರು. ಹಸುವಿಗೆ ಒಗ್ಗುವ ಮೇವೆಲ್ಲ ಕುದುರೆಗೆ ಒಗ್ಗುತ್ತದೆ ಎಂಬ ನಂಬಿಕೆ ಹೈನುಗಾರಿಕೆಯ ಈ ಸೀಮೆಯಲ್ಲಿ ಗಟ್ಟಿಯಾಗಿದೆ. ಬೂಸ್ಟು ಹಿಡಿದ ಸೈಲೇಜ್ (ಹುದುಗಿಸಿಟ್ಟ ಹಸಿ ಮೇವು) ಕೂಡದು. ಮೊನೆನ್ಸಿನ್ ಎಂಬ ಔಷಧಿ ಬೆರೆತ ದನದ ಅಥವಾ ಕೋಳಿಯ ಆಹಾರ ಸ್ವಲ್ಪ ತಿಂದರೂ ಕುದುರೆ ಸಾಯಬಹುದು.

ಸವಾರ ಮತ್ತು ಜೀನು ಸೇರಿ ಕುದುರೆಯ ತೂಕದ ಐದನೇ ಒಂದು ಭಾಗ ಮೀರಬಾರದು ಎಂಬ ಲೆಕ್ಕವನ್ನು ಕಟ್ಟುನಿಟ್ಟಾಗಿ ಪಾಲಿಸುತ್ತಾರೆ. ಫೋಟೋಗಾಗಿ ಹತ್ತಬೇಕೆಂದ ಅಪ್ಪಂದಿರಿಗೂ ವಿನಾಯಿತಿ ಇಲ್ಲ. ಲಾಳ ಆರರಿಂದ ಎಂಟು ವಾರಕ್ಕೊಮ್ಮೆ. ಒಂದು ಕುದುರೆಗೆ ದಿನಕ್ಕೆ ಎರಡೇ ತರಗತಿ.

ಈಗ ಕೊರತೆಗಳು. ದೊಡ್ಡದು ಎರಡನೆಯ ವರ್ಷದ ಮಳೆಗಾಲದಲ್ಲಿ ಕಂಡಿತು. ಮುಖ್ಯ ತರಬೇತುದಾರರು ಎರಡು ತಿಂಗಳು ಇರಲಿಲ್ಲ. ಬದಲಿಗೆ ಬಂದವರು ಸನ್ನೆಗಳ ಹಲಗೆಯ ಕಡೆ ತಿರುಗಿ ನೋಡಲಿಲ್ಲ. ನಿಲ್ಲದ ಕುದುರೆಗೆ ಲಗಾಮು ಜಗ್ಗುವುದು, ಹೊರಡದ್ದಕ್ಕೆ ಮೊದಲ ಏಟಿಗೇ ಕೋಲು. ಮೂರನೇ ವಾರಕ್ಕೆ ಒಂದು ಥರೋಬ್ರೆಡ್ ತಲೆ ಎತ್ತಿ ಕೊಡವಲು ಶುರುಮಾಡಿತು, ಸಾಧುವಾಗಿದ್ದ ತಟ್ಟು ಜೀನಿನ ಪಟ್ಟಿ ಬಿಗಿಯುವಾಗ ಕಚ್ಚಲು ಬಂತು. ಎರಡು ತಿಂಗಳಲ್ಲಿ ಕೆಟ್ಟದ್ದು ಸರಿಹೋಗಲು ನಾಲ್ಕು ತಿಂಗಳು ಬೇಕಾಯಿತು: ಮತ್ತೆ ನಡಿಗೆ, ಮತ್ತೆ ಲಂಜ್, ಮಕ್ಕಳೆಲ್ಲ ಮತ್ತೆ ಮೊದಲ ಪಾಠಕ್ಕೆ. ಆ ಅವಧಿಯ ಶುಲ್ಕದಲ್ಲಿ ಒಂದು ರೂಪಾಯಿಯೂ ಕಡಿತವಾಗಲಿಲ್ಲ, ಅದು ಸರಿಯಲ್ಲ. ಈಗ ಬದಲಿ ತರಬೇತುದಾರರು ಒಂದು ವಾರ ಜೊತೆಗಿದ್ದು ನೋಡಿದ ಮೇಲೆಯೇ ಪಾಠ ಮಾಡಬೇಕೆಂಬ ನಿಯಮ ತಂದಿದ್ದಾರೆ.

ಸವಾರಿಯ ಅಂಗಳ ಇನ್ನೊಂದು ತಲೆನೋವು. ಏಪ್ರಿಲ್, ಮೇ ತಿಂಗಳಲ್ಲಿ ಕೆಂಪು ನೆಲ ಸಿಮೆಂಟಿನಂತೆ ಗಟ್ಟಿಯಾಗುತ್ತದೆ. ಟ್ರಾಟ್‌ಗಿಂತ ವೇಗದ ಕ್ಯಾಂಟರ್ ಮಾಡಿಸಿದರೆ ಕುದುರೆಯ ಕೀಲಿಗೆ ಪೆಟ್ಟು. ಮರಳು ಸುರಿದರು, ಆದರೆ ಒಂದು ಮೂಲೆಯಲ್ಲಿ ಅರ್ಧ ಅಡಿ, ಇನ್ನೊಂದರಲ್ಲಿ ಏನೂ ಇಲ್ಲ. ಆಳದ ಮರಳು ಸ್ನಾಯುರಜ್ಜುಗಳನ್ನು ಎಳೆಯುತ್ತದೆ. ಎರಡೂವರೆ, ಮೂರು ಇಂಚು ಒಂದೇ ಸಮ ಹರಡಿ, ವಾರಕ್ಕೆರಡು ಸಲ ನೀರು ಚಿಮುಕಿಸಿ ಹಲುಬೆ ಹೊಡೆದರೆ ಸಾಕು. ಹೇಳುತ್ತಲೇ ಇದ್ದೇವೆ.

ಕ್ಲಬ್ಬಿನ ಹೆಲ್ಮೆಟ್ಟುಗಳನ್ನು ನಂಬಬೇಡಿ, ಸ್ವಂತದ್ದು ಕೊಳ್ಳಿ. ಒಳಗಿನ ಚೀಟಿಯಲ್ಲಿ ಇಎನ್ 1384, ವಿಜಿ1 ಅಥವಾ ಎಎಸ್‌ಟಿಎಂ ಎಫ್1163 ಎಂಬ ಸುರಕ್ಷತಾ ಮಾನದಂಡದ ಗುರುತಿರಬೇಕು. ಐದು ವರ್ಷವಾದರೆ, ಅಥವಾ ಒಮ್ಮೆ ಜೋರಾಗಿ ಬಿದ್ದರೆ, ಹೊರಗೆ ಬಿರುಕು ಕಾಣದಿದ್ದರೂ ಬದಲಿಸಬೇಕು. ಬೈಕ್ ಹೆಲ್ಮೆಟ್ ಈ ಕೆಲಸಕ್ಕಲ್ಲ. ಶೂಗೆ ಒಂದು ಇಂಚಿನ ಹಿಮ್ಮಡಿ ಬೇಕು, ಸ್ಪೋರ್ಟ್ಸ್ ಶೂ ರಿಕಾಪಿನೊಳಗೆ ತೂರಿ ಸಿಕ್ಕಿಕೊಳ್ಳುತ್ತದೆ. ಮಕ್ಕಳ ರಿಕಾಪಿಗೆ ಒಂದು ಬದಿ ರಬ್ಬರ್ ಪಟ್ಟಿ ಇರುತ್ತದೆ, ಬಿದ್ದಾಗ ಕಳಚಿಕೊಳ್ಳಲೆಂದು. ಆ ರಬ್ಬರ್ ಹೊರಬದಿಗೆ ಇದೆಯೇ ಎಂದು ಪ್ರತಿ ಸಲ ನೋಡಿ.

ಸ್ಪರ್ಧೆಯೇ ಗುರಿಯಾದವರಿಗೆ ಈ ಜಾಗ ಎರಡು ವರ್ಷದಾಚೆಗೆ ಸಾಲದು. 2018ರ ಏಷ್ಯನ್ ಗೇಮ್ಸ್‌ನಲ್ಲಿ ಬೆಂಗಳೂರಿನ ಫವಾದ್ ಮಿರ್ಜಾ ಬೆಳ್ಳಿ ಗೆದ್ದ ಮೇಲೆ ಮಕ್ಕಳಿಗೆ ಜಿಗಿತದ ಆಸೆ ಹೆಚ್ಚಿದೆ. ಇಲ್ಲಿ ನೆಲದ ಮೇಲಿಟ್ಟ ಕಂಬಗಳನ್ನು ದಾಟುವುದರಿಂದ ಎರಡು ಅಡಿ ಎತ್ತರದ ಜಿಗಿತದವರೆಗೆ ಮಾತ್ರ ಕಲಿಸುತ್ತಾರೆ. ಮುಂದಕ್ಕೆ ಬೆಂಗಳೂರೇ ಗತಿ.

ಸೇರಿಸುವ ಮುನ್ನ ಒಂದು ಭಾನುವಾರ ತರಗತಿಗೆ ಅರ್ಧ ಗಂಟೆ ಮುಂಚೆ ಹೋಗಿ ಲಾಯದ ಹತ್ತಿರ ನಿಲ್ಲಿ, ಹಾಲ್ಟರ್ ಹಿಡಿದು ಬರುವ ಮಗುವನ್ನು ಕಂಡು ಕುದುರೆ ಏನು ಮಾಡುತ್ತದೆ ನೋಡಿ. ಈಗ ಇಲ್ಲಿನ ತಟ್ಟು ತಲೆ ತಗ್ಗಿಸಿ ಮೂಗನ್ನು ತಾನೇ ಹಾಲ್ಟರಿನೊಳಗೆ ತೂರಿಸುತ್ತದೆ. ಆ ಎರಡು ತಿಂಗಳು ಅದು ಗೋಡೆ ಕಡೆಗೆ ತಿರುಗಿ ನಿಲ್ಲುತ್ತಿತ್ತು.