ಕೋರೋ ಹೆಸರಿನ ಜರ್ಸಿ ಪ್ರಿಂಟ್ ಮಾಡಿಸಿದ ಅಂಗಡಿ

ಗೋವಾದ ವಾಸ್ಕೋ ಮಾರ್ಕೆಟ್ ಹತ್ತಿರದ ಗಲ್ಲಿಯಲ್ಲಿ ಜರ್ಸಿ ಮೇಲೆ ಹೆಸರು ಹಾಕಿಕೊಡುವ ಒಂದು ಚಿಕ್ಕ ಅಂಗಡಿ ಇದೆ. ನಮ್ಮ ಫುಟ್‌ಬಾಲ್ ತಂಡ ಎಫ್‌ಸಿ ಗೋವಾದ ಕಿತ್ತಳೆ ಜರ್ಸಿ ಹಿಡ್ಕೊಂಡು ಅಲ್ಲಿಗೆ ಎರಡು ಸಲ ಹೋಗಿದ್ದೇನೆ.

ಮೊದಲ ಸಲ ಹಾಕಿಸಿದ್ದು ನಮ್ಮ ತಂಡದಲ್ಲಿ ಆಡಿದ್ದ ಸ್ಪೇನ್‌ನ ಸ್ಟ್ರೈಕರ್ ಕೋರೋ ಹೆಸರು, ನಂಬರ್ 8. ಬೇರೆ ಯಾರ ಹೆಸರು ಹಾಕಿಸಲಿ ಹೇಳಿ? ಇಂಡಿಯನ್ ಸೂಪರ್ ಲೀಗ್‌ಗೆ (ಐಎಸ್‌ಎಲ್) ಬಂದ ಮೊದಲ ವರ್ಷವೇ 18 ಗೋಲು, ಮರುವರ್ಷ 16, ಎರಡೂ ಸಲ ಅತಿ ಹೆಚ್ಚು ಗೋಲು ಹೊಡೆದವರಿಗೆ ಕೊಡುವ ಗೋಲ್ಡನ್ ಬೂಟ್. ಬಾಕ್ಸ್ ಒಳಗೆ ಚೆಂಡು ಸಿಕ್ಕರೆ ಸಾಕು, ನಾವು ಫಾತೋರ್ಡಾ ಸ್ಟೇಡಿಯಂನಲ್ಲಿ ಮೊದಲೇ ಎದ್ದು ನಿಲ್ಲುತ್ತಿದ್ದೆವು. 2019ರ ಫೈನಲ್‌ನಲ್ಲಿ ಬೆಂಗಳೂರು ಎಫ್‌ಸಿಯ ರಾಹುಲ್ ಭೇಕೆ ಎಕ್ಸ್‌ಟ್ರಾ ಟೈಮ್‌ನಲ್ಲಿ ಹೆಡ್ ಮಾಡಿ ನಮ್ಮ ಮೇಲೆ ಗೋಲು ಹೊಡೆದಾಗ ಬೆಂಗಳೂರು ಕಡೆಯ ನಮ್ಮಣ್ಣ ಕುಣಿದಾಡಿದ, ನನಗೆ ಮಾತ್ರ ರಾತ್ರಿ ಊಟ ಸೇರಲಿಲ್ಲ. ಆ ಪ್ರಿಂಟ್ ಇವತ್ತಿಗೂ ಗಟ್ಟಿಯಾಗಿದೆ, ಒಂದು ಅಕ್ಷರವೂ ಬಿರುಕು ಬಿಟ್ಟಿಲ್ಲ.

ಎರಡನೆಯದು ಬ್ರಾಂಡನ್ ಫರ್ನಾಂಡಿಸ್. ನಮ್ಮ ಮಡಗಾಂವ್ ಹುಡುಗ, ಅವನ ಕಾರ್ನರ್ ಕಿಕ್ ನೋಡೋದಕ್ಕೇ ನಾನು ಟಿಕೆಟ್ ತಗೊಳ್ತಿದ್ದೆ. 2024ರಲ್ಲಿ ನಮ್ಮನ್ನು ಬಿಟ್ಟು ಮುಂಬೈ ಸಿಟಿ ತಂಡಕ್ಕೆ ಹೋದ, ಆ ಬೇಜಾರು ಇನ್ನೂ ಇದೆ. ಈ ಪ್ರಿಂಟ್ ಮಾತ್ರ ನಾಲ್ಕನೇ ಒಗೆತಕ್ಕೇ ಅಂಚಿನಲ್ಲಿ ಎದ್ದಿತು. ಹೋಗಿ ತೋರಿಸಿದೆ. ಅಂಗಡಿಯವರು ಸುಮ್ನೆ ವಾದ ಮಾಡದೆ ಮತ್ತೆ ಒತ್ತಿಕೊಟ್ಟರು, ದುಡ್ಡು ಕೇಳಲಿಲ್ಲ. ಜರ್ಸಿ ಒಳಮಗ್ಗಲು ತಿರುಗಿಸಿ ತಣ್ಣೀರಲ್ಲಿ ಒಗೆಯಿರಿ, ಇಸ್ತ್ರಿ ಬೇಡ ಅಂದರು.

ಈಗ ಸಂದೇಶ್ ಝಿಂಗನ್ ಹೆಸರು ಹಾಕಿಸಬೇಕು. ಮೈಮೇಲೆ ಬಿದ್ದು ಚೆಂಡು ತಡೆಯುವ ಡಿಫೆಂಡರ್ ಅಂದ್ರೆ ನನಗೆ ಅವನೇ. ಮ್ಯಾಚ್ ದಿನ ಮಾತ್ರ ಹೋಗಬೇಡಿ, ತುಂಬಾ ರಶ್ ಇರುತ್ತದೆ.