ಮೂವರು ಇಯಾಗೋ: ನಾನಾಗಿದ್ರೆ ಯಾರ ಮಾತಿಗೆ ಬೀಳ್ತಿದ್ದೆ?

ಷೇಕ್ಸ್‌ಪಿಯರ್‌ನ ‘ಒಥೆಲೋ’ ನಾಟಕ ಆಧರಿಸಿದ ಮೂರು ಸಿನಿಮಾಗಳನ್ನು ಒಂದೇ ವಾರದಲ್ಲಿ ನೋಡಿದೆ. ಮೂರರಲ್ಲೂ ನನ್ನ ಕಣ್ಣಿದ್ದಿದ್ದು ಸೇನಾಪತಿ ಒಥೆಲೋನ ಕೈಕೆಳಗಿನ ಸೈನಿಕ ಇಯಾಗೋ ಮೇಲೆ. ತಂದಿಟ್ಟು ತಮಾಷೆ ನೋಡುವವನು ಅವನೇ ತಾನೇ. ಒಥೆಲೋ ಜಾಗದಲ್ಲಿ ನಾನಿದ್ದಿದ್ರೆ ಇವನನ್ನು ನಂಬ್ತಿದ್ದೆನಾ? ನಾನಿಟ್ಟ ಪರೀಕ್ಷೆ ಇಷ್ಟೇ.

ಅದಕ್ಕೆ ಮೂರನೇ ಅಂಕದ ಮೂರನೇ ದೃಶ್ಯವನ್ನೇ ನೋಡಬೇಕು. ಶುರುವಾದಾಗ ಒಥೆಲೋಗೆ ಹೆಂಡತಿ ಡೆಸ್ಡಿಮೋನಾ ಅಂದ್ರೆ ಪ್ರಾಣ. ಮುಗಿಯುವ ಹೊತ್ತಿಗೆ ಅವಳನ್ನು ಕೊಲ್ಲುವ ಮಾತಾಡುತ್ತಿರುತ್ತಾನೆ. ತಮಾಷೆ ಅಂದ್ರೆ, ಇಯಾಗೋ ಮೊದಲಿಗೆ ಚಾಡಿಯನ್ನೇ ಹೇಳುವುದಿಲ್ಲ. ಒಥೆಲೋನ ಉಪನಾಯಕ ಕ್ಯಾಸಿಯೋ ಅವಳ ಹತ್ತಿರ ಮಾತಾಡಿ ಹೊರಟಿದ್ದನ್ನು ಕಂಡು ‘ಛೆ, ಇದು ಹಿಡಿಸಲಿಲ್ಲ’ ಅಂತ ಗೊಣಗುತ್ತಾನೆ. ಏನಂದೆ ಅಂತ ಕೇಳಿದ್ರೆ ‘ಏನಿಲ್ಲ ಒಡೆಯ’. ಆಮೇಲೆ ಕೇಳಿದ್ದನ್ನೇ ತಿರುಗಿಸಿ ಕೇಳುತ್ತಾನೆ. ಕ್ಯಾಸಿಯೋ ಬಗ್ಗೆ ಒಥೆಲೋ ‘ಅವನು ಪ್ರಾಮಾಣಿಕ ಅಲ್ವಾ?’ ಅಂದ್ರೆ, ಇವನು ‘ಪ್ರಾಮಾಣಿಕನಾ ಒಡೆಯ?’ ಅಂತಾನೆ. ಉಳಿದಿದ್ದನ್ನು ಒಥೆಲೋನ ತಲೆಯೇ ಹೊಸೆದುಕೊಳ್ಳುತ್ತದೆ.

ಆರ್ಸನ್ ವೆಲ್ಸ್ ನಿರ್ದೇಶಿಸಿದ ಸಿನಿಮಾ 1952ರಲ್ಲಿ ಕ್ಯಾನ್ ಚಿತ್ರೋತ್ಸವದ ದೊಡ್ಡ ಪ್ರಶಸ್ತಿ ಪಡೆದದ್ದು. ಕಣ್ಣಿಗೆ ಹಬ್ಬ. ಮೊರಾಕ್ಕೋದ ಕೋಟೆ ಗೋಡೆ ಮೇಲೆ ಇಬ್ಬರೂ ನಡೀತಾ ಮಾತಾಡುತ್ತಾರೆ, ಕ್ಯಾಮೆರಾ ಬಿಡದೆ ಜೊತೆಗೇ ಹೋಗುತ್ತದೆ, ಕೆಳಗೆ ಸಮುದ್ರ. (ಶೂಟಿಂಗಿಗೆ ವೇಷಭೂಷಣ ಬರಲಿಲ್ಲ ಅಂತ ಇಯಾಗೋನ ಕೈಗೊಂಬೆ ರೋಡೆರಿಗೋನ ಕೊಲೆಯನ್ನು ಹಮಾಮು ಅನ್ನುವ ಸ್ನಾನಗೃಹದಲ್ಲಿ, ಟವೆಲ್ ಸುತ್ತಿಸಿ ತೆಗೆದರಂತೆ. ಅದೇ ಇಡೀ ಸಿನಿಮಾದ ಒಳ್ಳೇ ದೃಶ್ಯ!) ಆದರೆ ಮೈಕಲ್ ಮ್ಯಾಕ್ಲಿಯಾಮೋರ್‌ನ ಇಯಾಗೋ ಮುಖ ನೋಡಿದ್ರೇ ಮೈ ಜುಮ್ಮೆನ್ನುತ್ತದೆ. ಸಾಲದ್ದಕ್ಕೆ ಶುರುವಲ್ಲೇ ಅವನನ್ನು ಪಂಜರಕ್ಕೆ ಹಾಕಿ ಎತ್ತುವುದನ್ನು ತೋರಿಸಿಬಿಡುತ್ತಾರೆ. ನಾನಂತೂ ನಂಬ್ತಿರಲಿಲ್ಲ.

1995ರದ್ದರಲ್ಲಿ ಇಯಾಗೋ ಆಗಿರುವುದು ಕೆನ್ನೆತ್ ಬ್ರಾನಾ. ಇವನು ನಮ್ಮ ಕಡೆ ತಿರುಗಿ, ಕ್ಯಾಮೆರಾಗೇ ತನ್ನ ಪ್ಲಾನ್ ಹೇಳುತ್ತಾನೆ, ನಾನೂ ಒಂದೆರಡು ಸಲ ಅವನ ಜೊತೆ ನಕ್ಕುಬಿಟ್ಟೆ, ಆಮೇಲೆ ನಾಚಿಕೆ ಆಯ್ತು. ಒಥೆಲೋ ಆಗಿ ಲಾರೆನ್ಸ್ ಫಿಷ್‌ಬರ್ನ್ ಕೂಡ ಚೆನ್ನಾಗಿದ್ದಾರೆ. ಆದ್ರೆ ಮಾತುಗಳನ್ನು ಜಾಸ್ತಿ ಕತ್ತರಿಸಿದ್ದಾರೆ. ಅನುಮಾನ ಹುಟ್ಟೋಕೆ ಸಮಯವೇ ಸಿಗುವುದಿಲ್ಲ.

ಇನ್ನು 1965ರದ್ದು. ಲಾರೆನ್ಸ್ ಒಲಿವಿಯರ್ ಮೈಗೆಲ್ಲ ಕಪ್ಪು ಬಳಿದುಕೊಂಡು ಒಥೆಲೋ ಆಗಿದ್ದಾರೆ, ಇವತ್ತು ಅದನ್ನು ನೋಡುವುದು ಕಷ್ಟ, ನಾನು ಎರಡು ಸಲ ಆಫ್ ಮಾಡಿ ಮತ್ತೆ ಹಾಕಿದೆ. ಸೆಟ್ಟೂ ನಾಟಕದ ಸೆಟ್ಟಿನ ಹಾಗೇ ಇದೆ. ಆದ್ರೂ ಫ್ರಾಂಕ್ ಫಿನ್ಲೇ ಮಾಡಿದ ಇಯಾಗೋಗಾಗಿ ಕೂತು ನೋಡಬೇಕು. ಮೀಸೆ ತಿರುವಲ್ಲ, ಕಣ್ಣು ಮಿಟುಕಿಸಲ್ಲ. ಬಡ್ತಿ ತಪ್ಪಿದ, ಸುಮ್ನೆ ಕೆಲಸ ಮಾಡಿಕೊಂಡಿರುವ ಸೈನಿಕ. ಅಯ್ಯೋ ಪಾಪ ಅನಿಸುತ್ತದೆ.

ನನ್ನ ಕಿವಿ ಊದಿದವನೂ ಇಂಥವನೇ. ‘ನಾನು ಹೇಳಬಾರದು, ಬಿಡಿ’ ಅಂದಿದ್ದ. ನಾನೇ ಕಾಡಿ ಬೇಡಿ ಹೇಳಿಸಿಕೊಂಡೆ. ಅಲ್ಲಿಂದ ಎರಡು ವರ್ಷ ಒಬ್ಬ ಗೆಳೆಯನ ಜೊತೆ ಮಾತು ಬಿಟ್ಟಿದ್ದೆ. ಹಾಗಾಗಿ ನನ್ನ ಓಟು ಫಿನ್ಲೇಗೆ.

ಮೂರನ್ನೂ ನೋಡೋಕಾಗಲ್ಲ ಅನ್ನುವವರು ವೆಲ್ಸ್‌ನದ್ದರಿಂದ ಶುರು ಮಾಡಿ, ಒಂದೂವರೆ ಗಂಟೆಯಲ್ಲಿ ಮುಗಿಯುತ್ತದೆ. 1965ರದ್ದಕ್ಕೆ ಹತ್ತಿರ ಹತ್ತಿರ ಮೂರು ಗಂಟೆ ಬೇಕು. ಸಬ್‌ಟೈಟಲ್ ಹಾಕಿಕೊಳ್ಳಿ.