ಆಫೀಸಿನ ಕಾಪಿ ಮೆಷಿನ್ನು: ಸ್ಕ್ಯಾನ್ ಮಾಡೋಕೆ ಹೇಗಿದೆ?

ಬಿಲ್ಲು, ವೋಚರು, ಒಪ್ಪಂದದ ಕಾಗದ ಎಲ್ಲವನ್ನೂ ಸ್ಕ್ಯಾನ್ ಮಾಡಿ ಸರ್ವರ್‌ಗೆ ಹಾಕುವುದು ನನ್ನ ಕೆಲಸ. ಅದಕ್ಕೆ ಆಫೀಸಿನ ದೊಡ್ಡ ಕಾಪಿ ಮೆಷಿನ್ನೇ ಗತಿ.

ವೇಗದ ವಿಷಯದಲ್ಲಿ ಹೆಸರಿಡುವ ಹಾಗಿಲ್ಲ. ಪಿನ್ ಕಿತ್ತು, ಕಟ್ಟನ್ನು ಫೀಡರ್‌ನಲ್ಲಿಟ್ಟು, ಫೋಲ್ಡರ್ ಆರಿಸಿ ಹಸಿರು ಬಟನ್ ಒತ್ತಿದರೆ ಮುಗೀತು. ನಾನು ಸೀಟಿಗೆ ಬರುವಷ್ಟರಲ್ಲಿ ಪಿಡಿಎಫ್ ಬಂದು ಕೂತಿರುತ್ತದೆ. 300 ಡಿಪಿಐ (ಇಂಚಿಗೆ 300 ಚುಕ್ಕೆ) ಧಾರಾಳವಾಗಿ ಸಾಕು. 600 ಇಟ್ಟರೆ ಚುಕ್ಕೆಗಳು ನಾಲ್ಕು ಪಟ್ಟು, ಫೈಲೂ ಸಿಕ್ಕಾಪಟ್ಟೆ ದಪ್ಪ.

ತಲೆನೋವು ಶುರುವಾಗುವುದು ಸರ್ವರ್ ಪಾಸ್‌ವರ್ಡ್ ಬದಲಾದ ದಿನ. ಮೆಷಿನ್ನಿನ ಅಡ್ರೆಸ್ ಬುಕ್‌ನಲ್ಲಿ ಹಳೆಯದೇ ಉಳಿದಿರುತ್ತದಲ್ವಾ? ಪರದೆಯಲ್ಲಿ ಬರುವುದು ‘ಕನೆಕ್ಷನ್ ಎರರ್’ ಅಂತ ಮಾತ್ರ. ಎಲ್ಲರೂ ಸುಮ್ನೆ ಕೇಬಲ್ ಕಿತ್ತು ಹಾಕುತ್ತಾ ಕೂರುತ್ತಾರೆ. ಸ್ಕ್ಯಾನಿಂಗ್‌ಗೆಂದೇ ಬೇರೆ ಅಕೌಂಟ್ ಮಾಡಿಸಿ, ಅದಕ್ಕೆ ಆ ಒಂದು ಫೋಲ್ಡರ್ ಬಿಟ್ಟು ಬೇರೇನೂ ತೆರೆಯದ ಹಾಗೆ ಮಾಡಿಸಿದ ಮೇಲೆ ಈ ಕಾಟ ತಪ್ಪಿತು.

ಹಳೆ ಮೆಷಿನ್ ಕೊಳ್ಳುವವರು ಒಂದು ವಿಷಯ ಕೇಳಿಯೇ ಕೊಳ್ಳಿ: ನೆಟ್‌ವರ್ಕ್‌ನಲ್ಲಿರುವ ಫೋಲ್ಡರ್‌ಗೆ ಫೈಲ್ ಕಳಿಸುವ ಪದ್ಧತಿಯಾದ ಎಸ್‌ಎಂಬಿಯ 2 ಅಥವಾ 3ನೇ ಆವೃತ್ತಿ ಬರುತ್ತಾ? ಎಸ್‌ಎಂಬಿ 1 ಒಂದೇ ಗೊತ್ತಿರುವ ಮೆಷಿನ್ನು ಈಗಿನ ವಿಂಡೋಸ್ ಜೊತೆ ಮಾತೇ ಆಡುವುದಿಲ್ಲ. 2017ರಿಂದ ಹೊಸದಾಗಿ ಹಾಕುವ ವಿಂಡೋಸ್ 10ರಲ್ಲಿ ಅದು ತಾನಾಗಿ ಬರುವುದಿಲ್ಲ.

ಪುಟದುದ್ದಕ್ಕೂ ಸಣ್ಣ ಕಪ್ಪು ಗೆರೆ ಬಂದರೆ ದೊಡ್ಡ ಗಾಜು ಒರೆಸಿ ಪ್ರಯೋಜನವಿಲ್ಲ. ಪಕ್ಕದಲ್ಲಿ ಬೆರಳಗಲದ ಗಾಜಿನ ಪಟ್ಟಿ ಇದೆ, ವೈಟ್ನರ್ ಚೂರು ಅಂಟಿರುವುದು ಅಲ್ಲೇ.

ಫೈಲಿಗೆ ಅದು ಕೊಡುವ ಉದ್ದುದ್ದ ನಂಬರ್ ಹೆಸರು ಮಾತ್ರ ನನಗೆ ಇವತ್ತಿಗೂ ಆಗಿಬರಲ್ಲ. ಐದಕ್ಕೆ ನಾಲ್ಕು ಸ್ಟಾರ್.